ಇತರೆ ಬಾಬ್ತಿನ ಬಾಯ್ಲರ್

ಬರೀ ಮಂಟೇಸ್ವಾಮಿ ಅಂತ ಕೂಗಿದರೆ ಹಳೇಮಡುವಿನಲ್ಲಿ ಒಂಬತ್ತು ಜನ ತಿರುಗಿ ನೋಡುತ್ತಾರೆ. ಬಾಯ್ಲರ್ ಮಂಟೇಸ್ವಾಮಿ ಅಂದರೆ ಒಬ್ಬನೇ. ಕೊಳ್ಳೇಗಾಲದಿಂದ ಕಾವೇರಿ ಕಡೆಗೆ ಇಳಿದರೆ ಸಿಗುವ ಆ ಊರಿನಲ್ಲಿ ಗುರುಪಾದಸ್ವಾಮಿಯವರ ರೇಷ್ಮೆ ನೂಲು ಬಿಚ್ಚುವ ಶೆಡ್ಡಿದೆ. ಶೆಡ್ಡಿನ ಹಿಂದೆ, ತಗಡಿನ ಚಪ್ಪರದ ಕೆಳಗೆ, ಬಾಯ್ಲರ್ ಇದೆ. ಅದಕ್ಕೆ ಸೌದೆ ಹಾಕಿ ಹಬೆ ಎಬ್ಬಿಸುವುದು ಇಪ್ಪತ್ತೆರಡು ವರ್ಷದಿಂದ ಇವನ ಕೆಲಸ. ಹಬೆ ಕೊಳವೆಯಲ್ಲಿ ಹೋಗಿ ಒಳಗಿನ ಬೇಸಿನ್‌ಗಳ ನೀರು ಕಾಯಿಸುತ್ತದೆ. ಆ ನೀರಿನಲ್ಲಿ ಗೂಡು ಹಾಕಿಕೊಂಡು ಆರು ಜನ ಹೆಂಗಸರು ಎಳೆ ತೆಗೆಯುತ್ತಾರೆ. ಮೊದಲನೇ ಬೇಸಿನ್, ಅಂದರೆ ಬಾಯ್ಲರಿನ ಗೋಡೆಗೆ ಮುಖ ಮಾಡಿ ಕೂರುವ ಜಾಗ, ಇವನ ಹೆಂಡತಿ ಪುಟ್ಟಬಸಮ್ಮನದು.

ಶ್ರಾವಣದಲ್ಲಿ ಹೊಳೆ ಊರಿಗೆ ನುಗ್ಗಿತು. ಬಾಯ್ಲರ್ ಎರಡೂವರೆ ದಿನ ಕೆಸರು ನೀರಿನಲ್ಲಿ ಮುಳುಗಿ ಕೂತಿತ್ತು. ನೀರು ಇಳಿದ ಮೇಲೆ ಮಂಟೇಸ್ವಾಮಿ ಹನ್ನೊಂದು ದಿನ ಅದರ ಹೊಟ್ಟೆಯೊಳಗಿನ ಮಣ್ಣು ಬಾಚಿದ. ಆಮೇಲೆ ಸ್ಪ್ಯಾನರ್ ಹಿಡಿದು ಮೈಯೆಲ್ಲ ತಟ್ಟಿ ನೋಡಿದ. ಗಟ್ಟಿ ತಗಡಾದರೆ ಟಣ್ ಅನ್ನುತ್ತದೆ. ಎಡಗಡೆ ಕೆಳಭಾಗದಲ್ಲಿ ಅಂಗೈ ಅಗಲದಷ್ಟು ಜಾಗ ಮಾತ್ರ ಡಬ್ ಅಂತು. ತುಕ್ಕು ಒಳಗಿನಿಂದ ತಿಂದು ಅಲ್ಲಿ ತಗಡು ತೆಳ್ಳಗಾಗಿತ್ತು. ಅವತ್ತೇ ಹೋಗಿ ಯಜಮಾನರ ಮುಂದೆ ನಿಂತ.

"ಬುದ್ಧಿ, ಇದು ಮುಗೀತು. ಇದ್ಕೆ ಬೆಂಕಿ ಆಕುದ್ರೆ ಯಾವತ್ತಾರ ಒಂದಿನ ಒಡೀತದೆ. ಗೋಡೆ ಆಚೆಗೆ ಎಂಗಸ್ರು ಕೂತಿರ್ತಾರೆ."

"ಗೊತ್ತು ಕಣ್ಲಾ. ಸಾಲ ಬರ್ಲಿ, ಒಸದೇ ತರನ," ಅಂದರು ಗುರುಪಾದಸ್ವಾಮಿ. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ತರುವ ಮನಸ್ಸು ನಿಜವಾಗಿಯೂ ಇತ್ತು.

ಸಾಲವೂ ಬಂತು, ಅರ್ಧ. ನೆರೆಯಲ್ಲಿ ಕೆಟ್ಟ ಸಣ್ಣ ಉದ್ದಿಮೆಗಳಿಗೆ ಕೊಡುವ ಸಾಲ ಅದು. ಹಿಂದೆ ಯಾರೋ ಇಲ್ಲದ ಅಂಗಡಿಗೆ, ಓಡದ ಗಿರಣಿಗೆ ದುಡ್ಡು ಎತ್ತಿ ತಿಂದುಬಿಟ್ಟಿದ್ದರಂತೆ. ಆದ್ದರಿಂದ ಈ ಸಲ ಮೇಲಿನವರು ಬಲು ಬಿಗಿಯಾದ ಮಾರ್ಗಸೂಚಿ ಕಳಿಸಿದ್ದರು. ಮೊದಲ ಕಂತು ಯಂತ್ರಕ್ಕೆ. ಎರಡನೇ ಕಂತು 'ಇತರೆ ಬಾಬ್ತಿಗೆ', ಅದೂ ಘಟಕ ನಡೆಯುತ್ತಿದೆ ಅಂತ ಫೋಟೋ ಸಮೇತ ದೃಢಪಟ್ಟ ಮೇಲೆ. ಬೇಸಿನ್ನು, ಮೋಟಾರು ಯಂತ್ರದ ಪಟ್ಟಿಯಲ್ಲಿದ್ದವು, ಬಂದವು. ಬಾಯ್ಲರನ್ನು ಇತರೆಗೆ ಸೇರಿಸಿದ್ದರು. ಹಾಗೆ ಬರೆದ ಪುಣ್ಯಾತ್ಮ ಬಾಯ್ಲರ್ ಹೇಗಿರುತ್ತದೆ ಅಂತ ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ಹೊಸ ಬಾಯ್ಲರ್ ಬೇಕಾದರೆ ಶೆಡ್ಡು ನಡೆಸಿ ತೋರಿಸಬೇಕು, ಶೆಡ್ಡು ನಡೆಸಬೇಕಾದರೆ ಹಳೇ ಬಾಯ್ಲರಿಗೆ ಬೆಂಕಿ ಹಾಕಬೇಕು. ಇಷ್ಟೇ ಸಂಗತಿ. ಇದನ್ನು ಯಾರಿಗೆ ಹೇಳಿದರೂ ಅಯ್ಯೋ ಪಾಪ ಅನ್ನುತ್ತಿದ್ದರು, ಬದಲಾಯಿಸುವವರು ಮಾತ್ರ ಸಿಗಲಿಲ್ಲ.

ಮಂಗಳವಾರ ಸೌಮ್ಯ ಬಂದಳು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನ ತಪಾಸಣೆಗೆ ಗುತ್ತಿಗೆ ಮೇಲೆ ಇದ್ದ ಹುಡುಗಿ, ಒಬ್ಬಳೇ, ಒಂದು ಸ್ಕೂಟರ್ ಮೇಲೆ. ಹಿಂದಿನ ದಿನ ಕೌದಳ್ಳಿಗೆ ಹೋಗಿ ಬಂದು ಮುಖವೆಲ್ಲ ಧೂಳಾಗಿತ್ತು. ಮೊಬೈಲಿನಲ್ಲಿ ಇಪ್ಪತ್ತೇಳು ಪ್ರಶ್ನೆ. ಯೋಜನೆಯ ಬೋರ್ಡು ಇದೆಯೇ, ಬೋರ್ಡಿನ ಅಕ್ಷರ ಇಷ್ಟು ಅಂಗುಲ ಇದೆಯೇ, ಹಾಜರಿ ಪುಸ್ತಕ ಇದೆಯೇ, ಗೋಡೆಗೆ ಸುಣ್ಣ ಹೊಡೆದಿದೆಯೇ. ಕೊನೆಗೆ ಒಂದು ಫೋಟೋ. ಆರು ಜನ ಕೆಲಸಗಾರರು, ಬೇಸಿನ್ನಿನಿಂದ ಏಳುವ ಹಬೆ, ಹಿಂದೆ ಬೋರ್ಡು, ಮೂರೂ ಒಟ್ಟಿಗೆ ಕಾಣಬೇಕು.

ಮಂಟೇಸ್ವಾಮಿ ಬಾಗಿಲ ಬಳಿ ನಿಂತು ಇಪ್ಪತ್ತೇಳನ್ನೂ ಕೇಳಿಸಿಕೊಂಡ.

"ಮೇಡಂ, ಬಾಯ್ಲರ್ ಚೆನ್ನಾಗಿದ್ದದಾ ಅಂತ ಎಷ್ಟನೇದ್ರಲ್ಲಿ ಕೇಳ್ತೀರಿ?"

ಅವಳು ಪರದೆಯನ್ನು ಮೇಲೆ ಕೆಳಗೆ ಉಜ್ಜಿ ನೋಡಿದಳು. "ಅದು ಇದರಲ್ಲಿ ಬರಲ್ಲ ಮಂಟೇಸ್ವಾಮಿಯವ್ರೇ. ಬಾಯ್ಲರ್ ನೋಡೋರು ಬೇರೆ. ಅವರಿಗೆ ಅರ್ಜಿ ಹಾಕಿದ್ದೀರಲ್ಲ?"

"ಆಕವಿ. ಇನ್ನೂ ಸರದಿ ಬಂದಿಲ್ವಂತೆ."

"ಹಾಗಾದ್ರೆ ಬರ್ತಾರೆ ಬಿಡಿ. ಆದ್ರೆ ಫೋಟೋಗೆ ಶುಕ್ರವಾರ ಸಂಜೆ ಐದು ಗಂಟೆ ಕಡೆ. ಆಮೇಲೆ ಪೋರ್ಟಲ್ ಮುಚ್ಚಿಹೋಗುತ್ತೆ. ನನ್ನ ಕೈಲಿ ಏನೂ ಇಲ್ಲ."

ಅದು ನಿಜವೇ. ಅವಳ ಕೈಲಿ ಇದ್ದದ್ದು ಮೊಬೈಲ್ ಒಂದೇ.

ಅವಳು ಹೋದ ಮೇಲೆ ಗುರುಪಾದಸ್ವಾಮಿ ಮಂಟೇಸ್ವಾಮಿಯ ಹೆಗಲ ಮೇಲೆ ಕೈ ಹಾಕಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಹಾಗೆ ಕೈ ಹಾಕಿದ್ದು ಅದೇ ಮೊದಲು. "ಒಂದೇ ಒಂದ್ಸಲ ಕಣ್ಲಾ. ಅತ್ತು ನಿಮಿಷ. ಬೇಸಿನ್ ಮೇಲೆ ಒಸಿ ಹಬೆ ಆಡುದ್ರೆ ಸಾಕು. ಫೋಟೋ ತಕಂಡ ಏಟ್ಗೇ ಆರಿಸ್ಬುಡು. ಆಮೇಲೆ ಒಸ ಬಾಯ್ಲರ್ ಬರಗಂಟ ನೀನು ಕಡ್ಡಿ ಗೀರ್ಬೇಡ."

ಹೆಗಲ ಮೇಲಿನ ಕೈ ಮಂಟೇಸ್ವಾಮಿಗೆ ಭಾರವಾಗಿತ್ತು. ಹತ್ತು ನಿಮಿಷ, ಸಣ್ಣ ಬೆಂಕಿ, ಅಂತ ಲೆಕ್ಕ ಹಾಕಿದ. ಆಗಲಿ ಬುದ್ಧಿ ಅಂದ.

ಅಂದವನು ಕಣ್ಣು ಮುಚ್ಚಿಕೊಂಡು ಕೂರಲಿಲ್ಲ. ಒತ್ತಡ ತೋರಿಸುವ ಮೀಟರಿನ ಗಾಜಿನೊಳಗೆ ಹೊಳೆಯ ನೀರು ಸೇರಿ ಮುಳ್ಳು ನಲವತ್ತರಲ್ಲೇ ಹಿಡಿದುಕೊಂಡಿತ್ತು. ಹೊಸ ಮೀಟರೂ ಇತರೆಯಲ್ಲೇ ಬರಬೇಕು. ಉಳಿದದ್ದು ಸೇಫ್ಟಿ ವಾಲ್ವು ಒಂದೇ. ಅದು ಹಳೇ ಕಾಲದ್ದು. ಬಾಯ್ಲರಿನ ನೆತ್ತಿಯ ಮೇಲೆ ಅಡ್ಡಲಾಗಿ, ಗೋಡೆಯ ಕಡೆಗೆ ಚಾಚಿದ ಒಂದು ಕಬ್ಬಿಣದ ಸರಳು, ಸರಳಿಗೆ ತೂಗು ಹಾಕಿದ ಒಂದು ಗುಂಡು. ಗುಂಡಿನ ಭಾರ ಬಾಯಿಯನ್ನು ಅದುಮಿ ಹಿಡಿದಿರುತ್ತದೆ. ಒಳಗಿನ ಹಬೆ ಆ ಭಾರವನ್ನು ಮೀರಿದರೆ ಸರಳನ್ನು ಎತ್ತಿ ಸೀಟಿ ಹೊಡೆದು ಹೊರಗೆ ಹೋಗುತ್ತದೆ. ಗುಂಡನ್ನು ಸರಳಿನ ತುದಿಗೆ ಸರಿಸಿದಷ್ಟೂ ಬಿಗಿ, ಒಳಕ್ಕೆ ಸರಿಸಿದಷ್ಟೂ ಸಡಿಲ. ಬುಧವಾರ ಅವನು ಗುಂಡನ್ನು ಒಳಕ್ಕೆ ತಳ್ಳಿ ತಂತಿಯಿಂದ ಬಿಗಿದ. ಗುರುವಾರ ಒಬ್ಬನೇ ಸಣ್ಣಗೆ ಬೆಂಕಿ ಹಾಕಿ ಪರೀಕ್ಷೆ ಮಾಡಿದ. ಹಬೆ ಅರ್ಧಕ್ಕೆ ಬರುವ ಮೊದಲೇ ವಾಲ್ವು ಸುಯ್ ಅಂತ ಸೀಟಿ ಹಾಕಿತು. ತೆಳ್ಳಗಿದ್ದ ಜಾಗ ಒಣಗಿಯೇ ಇತ್ತು. ಅವನಿಗೆ ಎಷ್ಟೋ ದಿನದ ಮೇಲೆ ಉಸಿರು ಹಗುರವಾಯಿತು. ಸೀಟಿ ಒಂದು ಕೇಳಿದರೆ ಸಾಕು, ಭಯವಿಲ್ಲ.

ಅವತ್ತು ಸಂಜೆ ಉಣ್ಣುವಾಗ ಹೆಂಡತಿಗೆ ಹೇಳಿದ. "ಅಮ್ಮಿ, ನಾಳೆ ನೀನು ಓಗ್ಬೇಡ."

"ಯಾಕೆ?"

"ನಂಗೆ ಅದರ ಮೇಲೆ ನಂಬ್ಕೆ ಇಲ್ಲ. ಎದೆ ಡವಡವ ಅಂತದೆ."

"ಆರು ಜನ ಬೇಕಂತಲ್ಲ. ನಾನ್ ಓಗ್ದಿದ್ರೆ ಪಕ್ಕದ ರತ್ನಳ್ನ ಮೊದಲ್ನೇ ಬೇಸಿನ್‌ಗೆ ಎಳ್ದು ಕೂರುಸ್ತಾರೆ. ಅವ್ಳಿಗೆ ಎದೆಹಾಲು ಕುಡಿಯ ಕೂಸದೆ." ಪುಟ್ಟಬಸಮ್ಮ ಮುದ್ದೆ ಮುರಿದು ಸಾರಿಗೆ ಅದ್ದಿದಳು. "ಇಪ್ಪತ್ತೆರಡು ವರ್ಸದಲ್ಲಿ ನೀನು ಹೆದ್ರುದ್ದ ನಾ ನೋಡಿಲ್ಲ. ಅದ್ಕೆ ಯಾರ್ದೋ ಕಣ್ಣು ಬಿದ್ದದೆ. ಹೊಳೆ ಬಂದಾಗ ಊರೆಲ್ಲ ಬಂದು ನೋಡ್ಲಿಲ್ವಾ, ಮುಳ್ಗಿದ ಬಾಯ್ಲರ್ ಅಂತ."

ಅವನು ಕೈ ತೊಳೆಯಲು ಎದ್ದ. ಕಣ್ಣು ಬಿದ್ದದ್ದಲ್ಲ, ತುಕ್ಕು ಬಿದ್ದದ್ದು ಅಂತ ಬಿಡಿಸಿ ಹೇಳಬಹುದಿತ್ತು. ಹೇಳಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಬೆಳಿಗ್ಗೆ ಅವನು ಒಣ ಸೌದೆ ಆರಿಸಿ ತರುವಷ್ಟರಲ್ಲಿ ಹೆಂಗಸರು ಬಂದು ಬಾಯ್ಲರಿಗೆ ಪೂಜೆ ಮುಗಿಸಿದ್ದರು. ಮೂರು ಬೆರಳಿನ ವಿಭೂತಿ ಪಟ್ಟೆ, ಅರಿಸಿನ ಕುಂಕುಮ, ಚೆಂಡುಹೂವು. ಗುರುಪಾದಸ್ವಾಮಿಯವರ ಹೆಂಡತಿ ಶಿವರತ್ನಮ್ಮ ತಾವೇ ಕರ್ಪೂರ ಹಚ್ಚಿದ್ದರು. ಮೂರು ತಿಂಗಳು ನಿಂತ ಯಂತ್ರಕ್ಕೆ ಕೈ ಮುಗಿಯದೆ ಬೆಂಕಿ ಹಾಕುವವರು ಈ ಸೀಮೆಯಲ್ಲಿ ಯಾರಿದ್ದಾರೆ? ಮಂಟೇಸ್ವಾಮಿಗೂ ಸಮಾಧಾನವಾಯಿತು. ಒಲೆಯ ಬಾಯಿಯ ಕಡೆಯಿಂದ ಕೈ ಮುಗಿದು, ಅಲ್ಲೇ ಕುಕ್ಕರಗಾಲಲ್ಲಿ ಕೂತು ಕಡ್ಡಿ ಗೀರಿದ. ಬಾಯ್ಲರಿನ ಆಚೆ ಮಗ್ಗುಲಿಗೆ, ಗೋಡೆಯ ಕಡೆಗೆ, ಅವನು ಹೋಗಲಿಲ್ಲ. ಹೋಗುವ ಕೆಲಸವೇನೂ ಅಲ್ಲಿರಲಿಲ್ಲ.

ಹತ್ತೂವರೆಗೆ ಸೌಮ್ಯಳ ಸ್ಕೂಟರ್ ಬಂತು. ಕೊಳವೆ ಬೆಚ್ಚಗಾಯಿತು, ಬಿಸಿಯಾಯಿತು. ಒಳಗೆ ಬೇಸಿನ್ ಮೇಲೆ ತೆಳ್ಳಗೆ ಹಬೆ ಆಡಲು ಶುರುವಾಯಿತು.

"ಬಂತು, ಬಂತು, ತಕ್ಕಳಿ," ಅನ್ನುವ ಗುರುಪಾದಸ್ವಾಮಿಯವರ ದನಿ ಕೇಳಿಸಿತು.

"ಲೊಕೇಷನ್ ತಗೋತಿಲ್ಲ ಸರ್. ಒಂದ್ ನಿಮಿಷ," ಅಂದಳು ಸೌಮ್ಯ.

ಊರು ತಗ್ಗಿನಲ್ಲಿದೆ, ನೆಟ್‌ವರ್ಕ್ ಬರುವುದು ಹೋಗುವುದು ಮಾಡುತ್ತಿರುತ್ತದೆ. ಒಂದು ನಿಮಿಷ ಆಯಿತು, ಐದಾಯಿತು. ಮಂಟೇಸ್ವಾಮಿ ಸೀಟಿಗೆ ಕಿವಿಗೊಟ್ಟು ಕೂತಿದ್ದ. ಗುರುವಾರ ಇಷ್ಟು ಹೊತ್ತಿಗೆ ಕೂಗಿತ್ತಲ್ಲ ಅನ್ನಿಸಿತು. ಸೌದೆ ಸ್ವಲ್ಪ ಹಸಿ ಇರಬಹುದು ಅಂದುಕೊಂಡ. ಹಸಿ ಇರಲಿಲ್ಲ, ಅವನೇ ಆರಿಸಿ ತಂದದ್ದು. ಕೊಳವೆಯ ಮೇಲೆ ಕೈ ಇಟ್ಟ, ಇಟ್ಟಷ್ಟೇ ಬೇಗ ತೆಗೆದ. ಅಷ್ಟು ಬಿಸಿಗೆ ವಾಲ್ವು ಎರಡು ಸಲ ಕೂಗಬೇಕಿತ್ತು. ಬಾಯ್ಲರ್ ಹೊಟ್ಟೆಯೊಳಗೆ ಎಲ್ಲೋ ಟಿಕ್ ಅಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್. ತಗಡು ಎಳೆದಾಗ ಬರುವ ಸದ್ದು ಅದು.

ಎದ್ದು ಆಚೆ ಮಗ್ಗುಲಿಗೆ ಹೋದ.

ಸರಳಿನ ತುದಿಗೆ ಒಂದು ಬೂದುಗುಂಬಳಕಾಯಿ ನೇತಾಡುತ್ತಿತ್ತು. ಆರು ಕೆ.ಜಿ.ಗೆ ಕಮ್ಮಿಯಿಲ್ಲದ ಕಾಯಿ. ಅದಕ್ಕೆ ಕುಂಕುಮದಲ್ಲಿ ಕಣ್ಣು, ಮೂಗು, ಸುಣ್ಣದಲ್ಲಿ ಹಲ್ಲು ಬರೆದಿತ್ತು. ಅಂಗಡಿ ಬಾಗಿಲಿಗೆ, ಹೊಸ ಮನೆಗೆ, ಲಾರಿ ಶೆಡ್ಡಿಗೆ ಕಟ್ಟುವ ಹಾಗೆ ದೃಷ್ಟಿಗೆ ಅಂತ ಕಟ್ಟಿದ್ದರು. ಹಗ್ಗದ ಗಂಟು ನೋಡಿದ ಕೂಡಲೇ ಯಾರು ಕಟ್ಟಿದ್ದು ಅಂತ ಅವನಿಗೆ ಗೊತ್ತಾಯಿತು. ಗೂಡಿನ ಮೂಟೆಗೆ ಅವಳು ಹಾಕುವ ಗಂಟು ಅದು. ಬಾಯ್ಲರಿಗೆ ಏನಾದರೂ ತೂಗು ಹಾಕುವಂತಿದ್ದ ಜಾಗ ಆ ಸರಳೊಂದೇ. ಅವನು ಎರಡು ದಿನ ಕೂತು ಒಳಕ್ಕೆ ಸರಿಸಿದ್ದ ಗುಂಡಿನ ಲೆಕ್ಕವನ್ನೆಲ್ಲ ಆ ಕಾಯಿ ನುಂಗಿಹಾಕಿತ್ತು. ವಾಲ್ವು ಮೊದಲಿಗಿಂತ ಬಿಗಿಯಾಗಿ ಕೂತಿತ್ತು.

"ಆಚ್ಗೆ ಬನ್ನಿ, ಎಲ್ಲಾರೂ ಆಚ್ಗೆ ಬನ್ನಿ," ಅಂತ ಕಿಟಕಿಯಲ್ಲಿ ಕೂಗಿದ. ಹೆಂಗಸರು ಅವನತ್ತ ನೋಡಿದರು, ಆಮೇಲೆ ಯಜಮಾನರತ್ತ ನೋಡಿದರು. ಯಜಮಾನರು ಸೌಮ್ಯಳತ್ತ ನೋಡಿದರು. ಅವಳು ಮೊಬೈಲ್ ಎತ್ತಿ ಹಿಡಿದು ಆಕಾಶಕ್ಕೆ ತೋರಿಸುತ್ತಿದ್ದಳು. ಯಾರೂ ಏಳಲಿಲ್ಲ. ಫೋಟೋ ಆಗದೆ ಏಳಬೇಡಿ ಅಂತ ಬೆಳಿಗ್ಗೆಯಿಂದ ಹೇಳಿಸಿಕೊಂಡಿದ್ದರು.

"ಅಮ್ಮಿ, ಒಡೀತದೆ, ಏಳು."

ಆ ದನಿಗೆ ಪುಟ್ಟಬಸಮ್ಮ ಎದ್ದಳು. ಅವಳು ಎದ್ದದ್ದು ನೋಡಿ ರತ್ನ ಎದ್ದಳು, ಆಮೇಲೆ ಮಿಕ್ಕವರು ಸ್ಟೂಲು ಉರುಳಿಸಿಕೊಂಡು ಬಾಗಿಲಿಗೆ ನುಗ್ಗಿದರು. ಮಂಟೇಸ್ವಾಮಿ ಒಲೆಯ ಉರಿಯುವ ಸೌದೆಯನ್ನು ಕೊಕ್ಕೆಯಿಂದ ಹೊರಕ್ಕೆ ಎಳೆದು ಹಾಕಿದ. ಅದೇ ಕೊಕ್ಕೆಯನ್ನು ಸರಳಿಗೆ ಸಿಕ್ಕಿಸಿ, ಮುಖ ತಿರುಗಿಸಿಕೊಂಡು, ಮೇಲಕ್ಕೆ ಎತ್ತಿದ. ಹಬೆ ಭೋರ್ ಅಂತ ಹೊರಬಿದ್ದು ಚಪ್ಪರದ ತಗಡನ್ನು ನಡುಗಿಸಿತು. ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಅವನು ಕೊಕ್ಕೆ ಬಿಡಲಿಲ್ಲ. ಸದ್ದು ಅಡಗುವವರೆಗೂ ಎತ್ತಿಕೊಂಡೇ ನಿಂತಿದ್ದ. ಆಮೇಲೆ ಎಡಗೈಯಲ್ಲಿ ಗಂಟು ಬಿಚ್ಚಿ ಕಾಯಿಯನ್ನು ಕೆಳಗೆ ಹಾಕಿದ.

ಹೊಗೆ, ಹಬೆ ತಿಳಿಯಾದ ಮೇಲೆ ಬಗ್ಗಿ ನೋಡಿದ. ಡಬ್ ಅಂದಿದ್ದ ಆ ಜಾಗ ಈಗ ಒಣಗಿರಲಿಲ್ಲ. ಒಂದು ಹನಿ ನೀರು ಮೂಡಿ, ತುಂಬಿಕೊಂಡು, ಬಿಸಿ ಬೂದಿಯ ಮೇಲೆ ಚುಯ್ ಅಂತ ಬಿತ್ತು. ಇನ್ನೊಂದು ಮೂಡಿತು.

ಅಂಗಳದಲ್ಲಿ ಸೌಮ್ಯ ಬಿಳಿಚಿಕೊಂಡು ನಿಂತಿದ್ದಳು. ಗದ್ದಲದಲ್ಲೇ ಲೊಕೇಷನ್ ಸಿಕ್ಕಿ ಬೆರಳು ಒತ್ತಿಬಿಟ್ಟಿದ್ದಳು. ಫೋಟೋದಲ್ಲಿ ಉರುಳಿದ ಸ್ಟೂಲುಗಳಿದ್ದವು, ಹಬೆ ಇತ್ತು, ಬೋರ್ಡು ಇತ್ತು. "ಕೆಲಸಗಾರರು ಸೊನ್ನೆ ಅಂತ ತೋರಿಸ್ತಿದೆ, ತಿರಸ್ಕೃತ ಅಂತ ಬಂತು," ಅಂದಳು. "ಇನ್ನೊಂದು ಅವಕಾಶ ಇದೆ. ಐದು ಗಂಟೆ ತನಕ."

ಗುರುಪಾದಸ್ವಾಮಿ ಬಂದು ಹನಿಯನ್ನು ನೋಡಿದರು. ಮಂಟೇಸ್ವಾಮಿಯ ಕೈ ನೋಡಿದರು. ಆದರೂ ಹೇಳಿದರು. "ಕಾಯಿಂದಲೇ ಆಗಿದ್ದಲ್ವಾ? ಕಾಯಿ ತಗ್ದಾಯ್ತಲ್ಲ. ಇನ್ನೊಂದ್ಸಲ ಹಚ್ಬುಡ್ಲಾ."

"ಹಚ್ಚಲ್ಲ ಬುದ್ಧಿ. ಸೋರ್ತಾ ಅದೆ ನೋಡಿ."

ಸೌಮ್ಯ ನಡುವೆ ಬಾಯಿ ಹಾಕಿದಳು. "ಷರಾ ಅಂತ ಒಂದು ಜಾಗ ಇದೆ ಸರ್. ಬಾಯ್ಲರ್ ಸೋರ್ತಿದೆ ಅಂತ ಅಲ್ಲಿ ಬರೀತೀನಿ. ಯಾರಾದ್ರೂ ಓದ್ತಾರೆ."

"ಬರುದ್ರೆ ಏನಾಯ್ತದೆ?" ಅಂದ ಮಂಟೇಸ್ವಾಮಿ.

ಅವಳು ಸ್ವಲ್ಪ ಯೋಚಿಸಿದಳು. "ಘಟಕ ಸುರಕ್ಷಿತವಲ್ಲ ಅಂತಾಗಿ ಎರಡನೇ ಕಂತು ತಡೀತಾರೆ."

"ಅದೇ ಕಂತಲ್ಲೇ ಕಣವ್ವ ಬಾಯ್ಲರ್ ತರ್ಬೇಕಾಗಿರೋದು," ಅಂದರು ಗುರುಪಾದಸ್ವಾಮಿ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಸುಸ್ತಿತ್ತು. ಸೌಮ್ಯ ಮೊಬೈಲನ್ನು ಚೀಲದಲ್ಲಿಟ್ಟಳು. ಷರಾ ಖಾಲಿ ಉಳಿಯಿತು.

ಶಿವರತ್ನಮ್ಮ ಅವನ ಕೈಗೆ ಲೋಳೆಸರ ಹಚ್ಚಿ ಬಿಳಿ ಬಟ್ಟೆ ಸುತ್ತಿದರು. ಗುರುಪಾದಸ್ವಾಮಿ ಯಳಂದೂರಿನ ಮಾದೇಶನಿಗೆ ಫೋನ್ ಹಚ್ಚಿದರು. ಮಾದೇಶ ಬಾಯ್ಲರ್ ಕೆಲಸದವನೇ, ಮೂರು ಗಂಟೆಗೆ ಬಂದೇಬಿಟ್ಟ. ಬಂದವನು ಹನಿಯ ಕಡೆ ಕಣ್ಣೂ ಹಾಕದೆ ತೋಳುದ್ದದ ಸೌದೆ ಒಲೆಗೆ ತುರುಕತೊಡಗಿದ. ಎದ್ದುಹೋಗಬೇಕು ಅಂತ ಮಂಟೇಸ್ವಾಮಿ ಮೆಟ್ಟು ಹಾಕಿಕೊಂಡಿದ್ದ. ಕಿಟಕಿಯಲ್ಲಿ ನೋಡಿದರೆ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗಿ ಸ್ಟೂಲು ನಿಲ್ಲಿಸಿಕೊಂಡು ಕೂರುತ್ತಿದ್ದರು. ಮೂರು ತಿಂಗಳಿಂದ ಕೂಲಿಯಿಲ್ಲದ ಕೈಗಳು ಅವು. ಪುಟ್ಟಬಸಮ್ಮ ಮೊದಲನೇ ಬೇಸಿನ್ನಿನಲ್ಲಿ ಕೂತಿದ್ದಳು.

"ನೀನೂನಾ?" ಅಂದ.

"ಕಾಯಿ ಕಟ್ಟಿದ್ದು ನಾನು. ನಾನೇ ಆಚೆ ನಿಂತ್ಕಂಡು ಅವ್ರನ್ನ ಕೂರ್ಸಾನಾ?" ಅಂದಳು. ಅವನ ಕೈಯ ಬಟ್ಟೆಯನ್ನು ನೋಡಲಾರದೆ ಬೇಸಿನ್ನಿನ ನೀರನ್ನೇ ನೋಡುತ್ತಿದ್ದಳು.

ಮಂಟೇಸ್ವಾಮಿ ಮೆಟ್ಟು ಬಿಟ್ಟು ಹಿಂದಕ್ಕೆ ಹೋದ. "ಏಳ್ಲಾ ಆಚ್ಗೆ," ಅಂತ ಮಾದೇಶನನ್ನು ಎಬ್ಬಿಸಿ, ದಪ್ಪ ಸೌದೆಯನ್ನೆಲ್ಲ ಹೊರಗೆಳೆದು, ಎಡಗೈಯಲ್ಲಿ ಒಂದೊಂದೇ ಕಡ್ಡಿ ಒಲೆಗಿಟ್ಟ. ಯಾರಾದರೂ ಹಚ್ಚಲೇಬೇಕು ಅಂದಮೇಲೆ ಅದರ ಸದ್ದು ಗೊತ್ತಿರುವವನು ಹಚ್ಚಲಿ. ಹನಿ ಉಸಿರಿಗೊಂದರಂತೆ ಬೀಳುತ್ತಿತ್ತು. ಹಬೆ ಏರಿದ ಹಾಗೆ ಉಸಿರಿಗೆ ಎರಡಾಯಿತು. ಅವನು ಕಣ್ಣು ಕೀಳದೆ ಅದನ್ನೇ ನೋಡಿದ. ಮೂರಾದರೆ ಕೂಗಿಬಿಡುವುದು ಅಂತ ನಿಶ್ಚಯಿಸಿದ್ದ. ವಾಲ್ವು ಈ ಸಲ ಸಣ್ಣಗೆ ಸೀಟಿ ಹಾಕಿತು. ಒಳಗಿನಿಂದ, "ಆಯ್ತು ಸರ್," ಅಂದಳು ಸೌಮ್ಯ.

ಅವನು ಬೆಂಕಿ ಎಳೆದು ನೀರು ಚೆಲ್ಲಿದ. ಅಲ್ಲೇ ಕೂತ. ಆರೂ ಜನ ಬದುಕಿದ್ದರು. ಇನ್ನು ಹೊಸದು ಬರುವ ತನಕ ಇದರ ಮುಖ ನೋಡಬೇಕಾಗಿಲ್ಲ ಅನ್ನುವ ಸಂತೋಷಕ್ಕೆ ಅವನಿಗೆ ಅಳುವೇ ಬಂತು.

ಸೌಮ್ಯ ನಾಲ್ಕೂವರೆಗೆ ಹೊರಟವಳು ಸ್ಕೂಟರ್ ಹತ್ತುವ ಮೊದಲೇ ನಿಂತಳು. ಮೊಬೈಲಿಗೆ ಉತ್ತರ ಬಂದಿತ್ತು. ಎಲ್ಲರೂ ಕೇಳಲಿ ಅಂತ ಗಟ್ಟಿಯಾಗಿ ಓದತೊಡಗಿದಳು, ಓದುತ್ತ ಓದುತ್ತ ದನಿ ಇಳಿಯಿತು. "ದೃಢೀಕರಣ ಸ್ವೀಕೃತವಾಗಿದೆ. ಎರಡನೇ ಕಂತು ನಲವತ್ತೈದು ಕೆಲಸದ ದಿನಗಳೊಳಗೆ ಬಿಡುಗಡೆಯಾಗುವುದು. ಅಲ್ಲಿಯವರೆಗೆ ಘಟಕವು ಪ್ರತಿದಿನ ಚಾಲನೆಯಲ್ಲಿರತಕ್ಕದ್ದು. ದಿನಕ್ಕೊಂದು ಫೋಟೋ ಕಳುಹಿಸತಕ್ಕದ್ದು. ಒಂದು ದಿನ ತಪ್ಪಿದರೂ ಮೊದಲ ಕಂತನ್ನು ವಾಪಸು ಪಡೆಯಲಾಗುವುದು."

ಗುರುಪಾದಸ್ವಾಮಿ ಮಂಟೇಸ್ವಾಮಿಯ ಮುಖ ನೋಡಲು ಹೋಗಿ, ಅವನ ಕಾಲು ನೋಡಿದರು. "ಬೆಳಿಗ್ಗೆ ಆರಕ್ಕೆ ಬಂದ್ಬುಡ್ಲಾ," ಅಂದು ಮನೆಯೊಳಕ್ಕೆ ಹೋದರು.

ಮಂಟೇಸ್ವಾಮಿ ಶೆಡ್ಡಿನೊಳಗೆ ಬಂದ. ಪುಟ್ಟಬಸಮ್ಮ ಬೇಸಿನ್ ತೊಳೆಯುತ್ತಿದ್ದಳು. ಎಷ್ಟು ದಿನವಂತೆ ಅಂತ ಕೇಳಿದಳು. ನಲವತ್ತೈದು ಅಂದ. ಅವಳ ಸ್ಟೂಲನ್ನು ಕಾಲಿನಿಂದ ತಳ್ಳಿ ಗೋಡೆಯಿಂದ ಒಂದು ಮಾರು ದೂರಕ್ಕೆ ಸರಿಸಿದ. ಅವಳು ಅಲ್ಲಿ ಕೂತು ಕೈ ಚಾಚಿ ನೋಡಿದಳು. ಬೇಸಿನ್ ಎಟುಕಲಿಲ್ಲ. ಸ್ಟೂಲನ್ನು ಮತ್ತೆ ಗೋಡೆಯ ಹತ್ತಿರಕ್ಕೆ ಎಳೆದುಕೊಂಡು ನಾಳೆಯ ಗೂಡು ಆರಿಸಲು ಕೂತಳು.